ಗೀರೂ ಬೇಡ, ಗುಳಿಯೂ ಬೇಡ: ಮರದ ನೆಲದ ಮೇಲೆ ಪಿಯಾನೊ ಸರಿಸುವ ಬಗೆ

ಮನೆ ಬದಲಿಸುವ ದಿನ ಎಲ್ಲರೂ ಎಚ್ಚರವಾಗಿರುತ್ತಾರೆ. ಕಂಬಳಿ ಬರುತ್ತದೆ, ಬೆಲ್ಟ್ ಬರುತ್ತದೆ, ಕೆಲಸ ಗೊತ್ತಿರುವ ನಾಲ್ಕು ಜನ ಬರುತ್ತಾರೆ. ನನಗೆ ಭಯ ಇರುವುದು ಇನ್ನೊಂದು ದಿನದ ಬಗ್ಗೆ. ಕಿಟಕಿಯ ಬಿಸಿಲು ಪಿಯಾನೊ ಮೇಲೆ ಬೀಳುತ್ತಿದೆ, ಸ್ವಲ್ಪ ಆಚೆ ತಳ್ಳಿಬಿಡೋಣ ಅನಿಸುತ್ತದೆ. ಕೆಳಗೆ ಚಕ್ರ ಇದ್ದೇ ಇದೆ, ಒಂದೇ ಒಂದು ಅಡಿ ತಾನೇ! ಇಬ್ಬರು ಹೆಗಲು ಕೊಡುತ್ತಾರೆ, ಪಿಯಾನೊ ಸರಿಯುತ್ತದೆ. ಅದು ಸರಿದ ದಾರಿಯಲ್ಲಿ ಎರಡು ಬಿಳಿ ಗೆರೆಗಳು ಉಳಿಯುತ್ತವೆ. ಒದ್ದೆ ಬಟ್ಟೆ ತಂದು ಎಷ್ಟು ಒರೆಸಿದರೂ ಹೋಗುವುದಿಲ್ಲ.

ಇದು ಯಾಕೆ ಆಗುತ್ತದೆ ಅಂತ ಒಮ್ಮೆ ಅರ್ಥವಾದರೆ, ತಪ್ಪಿಸುವ ದಾರಿ ತಾನಾಗಿಯೇ ಹೊಳೆಯುತ್ತದೆ. ಪಿಯಾನೊ ಎಷ್ಟು ಕೆಜಿ ಇದೆ ಅನ್ನುವುದಕ್ಕಿಂತ, ಅಷ್ಟೂ ಕೆಜಿ ಎಷ್ಟು ಚಿಕ್ಕ ಜಾಗದ ಮೇಲೆ ನಿಂತಿದೆ ಅನ್ನುವುದು ನೆಲಕ್ಕೆ ಮುಖ್ಯ. ಮುಂದೆ ಹೇಳುವುದೆಲ್ಲ ಹೆಚ್ಚುಕಡಿಮೆ ಈ ಒಂದು ಮಾತಿನ ಸುತ್ತಲೇ ಇದೆ.

ಇಷ್ಟೊಂದು ತೂಕ ಯಾಕೆ?

ಹೊರಗಿನಿಂದ ನೋಡಿದರೆ ಪಿಯಾನೊ ಮರದ ಪೆಟ್ಟಿಗೆ. ಒಳಗೆ ಇರುವುದು ಕಬ್ಬಿಣ. ಒಂದು ಪಿಯಾನೊದಲ್ಲಿ 88 ಕೀಲಿಗಳಿಗೆ ಸುಮಾರು 230 ತಂತಿಗಳಿರುತ್ತವೆ. ಒಂದೊಂದು ತಂತಿಯನ್ನೂ 70ರಿಂದ 90 ಕೆಜಿಯ ಬಲದಲ್ಲಿ ಎಳೆದು ಕಟ್ಟಿರುತ್ತಾರೆ. ಎಲ್ಲ ಸೇರಿದರೆ 18ರಿಂದ 20 ಟನ್ ಎಳೆತ. ಇಷ್ಟನ್ನು ಮರ ತಡೆದುಕೊಳ್ಳುವುದಿಲ್ಲ. ಇಟಲಿಯ ಬಾರ್ತೊಲೊಮಿಯೊ ಕ್ರಿಸ್ಟೊಫೋರಿ 1700ರ ಆಸುಪಾಸಿನಲ್ಲಿ ಮೊದಲ ಪಿಯಾನೊ ಮಾಡಿದಾಗ ಚೌಕಟ್ಟು ಮರದ್ದೇ ಆಗಿತ್ತು. ಆಗಿನ ತಂತಿಗಳು ತೆಳು, ಎಳೆತವೂ ಕಡಿಮೆ. ಆಮೇಲೆ ದೊಡ್ಡ ದನಿ ಬೇಕಾಯಿತು, ದಪ್ಪ ತಂತಿ ಬಂತು, ಎಳೆತ ಏರಿತು. 1825ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಆಲ್ಫಿಯಸ್ ಬ್ಯಾಬ್‌ಕಾಕ್ ಒಂದೇ ತುಂಡಿನ ಬೀಡು ಕಬ್ಬಿಣದ ಚೌಕಟ್ಟಿಗೆ ಪೇಟೆಂಟ್ ಪಡೆದರು. ಅಲ್ಲಿಂದ ಮುಂದೆ ಪಿಯಾನೊ ಹಗುರವಾಗಲೇ ಇಲ್ಲ.

ಗೋಡೆಗೆ ಒರಗಿಸಿ ಇಡುವ ನೆಟ್ಟಗಿನ ಪಿಯಾನೊ, ಅಂದರೆ ಅಪ್‌ರೈಟ್, ಸಾಮಾನ್ಯವಾಗಿ 200ರಿಂದ 300 ಕೆಜಿ ಇರುತ್ತದೆ. ಹಳೆಯ ಕಾಲದ ಎತ್ತರದವು ಇನ್ನೂ ಜಾಸ್ತಿ. ಮೂರು ಕಾಲಿನ ಗ್ರ್ಯಾಂಡ್ ಪಿಯಾನೊದಲ್ಲಿ ಚಿಕ್ಕದೇ 250 ಕೆಜಿ ದಾಟಬಹುದು. ಕಛೇರಿ ವೇದಿಕೆಯ ಮೇಲೆ ಕಾಣುವ ಸ್ಟೈನ್‌ವೇ ಕಂಪನಿಯ ಮಾದರಿ ಡಿ ಸುಮಾರು 274 ಸೆಂಟಿಮೀಟರ್ ಉದ್ದ, 480 ಕೆಜಿ ತೂಕ.

ನೆಲಕ್ಕೆ ಇದು ಹೇಗೆ ತಗಲುತ್ತದೆ

ಈಗ ಒಂದು ಲೆಕ್ಕ ಮಾಡೋಣ. 240 ಕೆಜಿಯ ಅಪ್‌ರೈಟ್, ನಾಲ್ಕು ಚಕ್ರ. ಒಂದು ಚಕ್ರದ ಮೇಲೆ 60 ಕೆಜಿ. ಚಕ್ರ ದುಂಡಗಿರುವುದರಿಂದ ಪೂರ್ತಿಯಾಗಿ ನೆಲ ಮುಟ್ಟುವುದಿಲ್ಲ. ಚಿಕ್ಕ ಲೋಹದ ಚಕ್ರವಾದರೆ ಮುಟ್ಟುವ ಜಾಗ ಅರ್ಧ ಚದರ ಸೆಂಟಿಮೀಟರ್ ಇದ್ದರೆ ಹೆಚ್ಚು. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 120 ಕೆಜಿ. 60 ಕೆಜಿಯ ಮನುಷ್ಯ ಎರಡು ಕಾಲೂರಿ ನಿಂತರೆ ಪಾದದ ಕೆಳಗೆ ಪ್ರತಿ ಚದರ ಸೆಂಟಿಮೀಟರಿಗೆ ಕಾಲು ಕೆಜಿಯ ಆಸುಪಾಸು ಬೀಳುತ್ತದೆ. ಸುಮಾರು 500 ಪಟ್ಟು ವ್ಯತ್ಯಾಸ!

ಮರ ಇದನ್ನು ತಾಳುತ್ತದೆಯೇ? ಮರದ ಗಟ್ಟಿತನ ಅಳೆಯಲು ಒಂದು ಸರಳ ಪರೀಕ್ಷೆ ಇದೆ. ಅದಕ್ಕೆ ಜಾಂಕಾ ಪರೀಕ್ಷೆ ಅಂತ ಹೆಸರು. 11.28 ಮಿಲಿಮೀಟರ್ ಅಗಲದ ಉಕ್ಕಿನ ಗುಂಡನ್ನು ಮರದೊಳಗೆ ಅರ್ಧ ಮುಳುಗುವ ತನಕ ಒತ್ತುತ್ತಾರೆ. ಎಷ್ಟು ಬಲ ಬೇಕಾಯಿತೋ ಅದೇ ಆ ಮರದ ಅಂಕ. ಗುಂಡಿನ ಅಳತೆ ಅಷ್ಟು ವಿಚಿತ್ರವಾಗಿರುವುದಕ್ಕೂ ಕಾರಣವಿದೆ: ಅರ್ಧ ಮುಳುಗಿದಾಗ ಅದು ಮೂಡಿಸುವ ವೃತ್ತದ ವಿಸ್ತೀರ್ಣ ಸರಿಯಾಗಿ ಒಂದು ಚದರ ಸೆಂಟಿಮೀಟರ್ ಆಗುತ್ತದೆ. ಕೆಂಪು ಓಕ್ ಮರಕ್ಕೆ ಸುಮಾರು 585 ಕೆಜಿ ಬಲ ಬೇಕು. ಗಟ್ಟಿ ಮೇಪಲ್‌ಗೆ 660ರ ಹತ್ತಿರ. ಬಿಳಿ ಪೈನ್‌ಗೆ 170 ಸಾಕು.

ಓಕ್‌ಗೆ 585 ಅಂದಮೇಲೆ 120 ಏನು ಮಾಡೀತು ಅನಿಸುತ್ತದೆ, ಅಲ್ವಾ? ಆದರೆ 585 ಅನ್ನುವುದು ಗುಂಡು ಐದೂವರೆ ಮಿಲಿಮೀಟರ್ ಒಳಗೆ ಹೋಗಲು ಬೇಕಾದ ಬಲ. ಕಣ್ಣಿಗೆ ಕಾಣುವ ಗುಳಿಗೆ ಅಷ್ಟು ಆಳ ಬೇಕಿಲ್ಲ, ಕಾಲು ಮಿಲಿಮೀಟರ್ ಸಾಕು. ಜೊತೆಗೆ ನಾಲ್ಕು ಚಕ್ರಗಳು ಸಮನಾಗಿ ಭಾರ ಹೊರುತ್ತವೆ ಅನ್ನುವುದು ಕಾಗದದ ಮೇಲಿನ ಮಾತು. ನೆಲ ಒಂದಿಷ್ಟು ಏರುಪೇರಿದ್ದರೆ ಒಂದು ಚಕ್ರ ಸುಮ್ನೆ ತೂಗುತ್ತಿರುತ್ತದೆ, ಅದರ ಪಾಲನ್ನೂ ಉಳಿದವು ಹೊರುತ್ತವೆ. ಪಿಯಾನೊ ವಾಲಿದರೆ ಭಾರವೆಲ್ಲ ಎರಡೇ ಚಕ್ರಗಳ ಮೇಲೆ ಬರಬಹುದು. ಆಗ 120 ಇದ್ದದ್ದು 240ಕ್ಕೆ ಹತ್ತಿರವಾಗುತ್ತದೆ. ಇನ್ನೊಂದು ವಿಷಯ, ಮರಕ್ಕೆ ಹೊತ್ತು ಕಳೆದಂತೆ ಬಗ್ಗುವ ಗುಣವಿದೆ. ಒಂದು ಗಂಟೆ ತಡೆದ ಭಾರಕ್ಕೆ ಒಂದು ವರ್ಷದಲ್ಲಿ ನಿಧಾನವಾಗಿ ತಲೆಬಾಗುತ್ತದೆ. ವರ್ಷಗಟ್ಟಲೆ ಒಂದೇ ಕಡೆ ನಿಂತ ಪಿಯಾನೊ ಎತ್ತಿದಾಗ ಚಕ್ರದ ಅಡಿಯಲ್ಲಿ ಬಟ್ಟಲಿನಂಥ ಗುಳಿ ಕಾಣುವುದು ಇದರಿಂದ.

ಗೀರಿನ ಕಥೆ ಬೇರೆ. ಗೀರು ಬೀಳುವುದು ಮರಕ್ಕಲ್ಲ, ಮರದ ಮೇಲಿನ ಪಾಲಿಶ್‌ಗೆ. ಪಾಲಿಯುರೆಥೇನ್ ಪಾಲಿಶ್‌ನ ಪದರ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತೆಳು. ಅದನ್ನು ಕೆರೆಯುವುದು ಹೆಚ್ಚಿನ ಸಲ ಚಕ್ರವೂ ಅಲ್ಲ, ಚಕ್ರದಡಿ ಸಿಕ್ಕ ಮರಳಿನ ಕಣ. ಮರಳಿನಲ್ಲಿರುವ ಕ್ವಾರ್ಟ್ಸ್ ಖನಿಜಗಳ ಗಟ್ಟಿತನದ ಮೋಸ್ ಅಳತೆಯಲ್ಲಿ 7ನೆಯದು, ಗಾಜಿಗಿಂತ ಗಟ್ಟಿ. ಚಪ್ಪಲಿಯಲ್ಲಿ ಬಂದ ಒಂದು ಕಣದ ಮೇಲೆ 60 ಕೆಜಿ ಕೂತು ಅದನ್ನು ಒಂದು ಅಡಿ ಎಳೆದರೆ ಏನಾಗುತ್ತದೆ ಅಂತ ಯೋಚಿಸಿ. ಕಾರ್ಖಾನೆಯಲ್ಲೇ ಅಲ್ಯುಮಿನಿಯಂ ಆಕ್ಸೈಡ್ ಬೆರೆಸಿದ ಪದರ ಹಾಕಿ ಬರುವ ಹಲಗೆಗಳು ಗೀರನ್ನು ಚೆನ್ನಾಗಿ ತಡೆಯುತ್ತವೆ. ಆದರೆ ಗುಳಿಯನ್ನು ತಡೆಯುವುದಿಲ್ಲ, ಏಕೆಂದರೆ ಪದರದ ಕೆಳಗಿನ ಮರ ಅದೇ ಮರ. ಪ್ಲೈವುಡ್ ಮೇಲೆ ತೆಳುವಾದ ಅಸಲಿ ಮರ ಅಂಟಿಸಿದ ನೆಲವಾದರೆ ಇನ್ನೂ ಜಾಗ್ರತೆ ಬೇಕು. ಆಳದ ಗಾಯವಾದರೆ ಉಜ್ಜಿ ಸರಿಮಾಡಲು ಅಲ್ಲಿ ಮರವೇ ಉಳಿದಿರುವುದಿಲ್ಲ.

ಪಿಯಾನೊ ಚಕ್ರವನ್ನು ನಂಬಬೇಡಿ

ಹೆಚ್ಚಿನವರು ಮೋಸ ಹೋಗುವುದು ಇಲ್ಲಿ. ಚಕ್ರ ಇದೆ ಅಂದಮೇಲೆ ಉರುಳಿಸಲಿಕ್ಕೇ ಇರಬೇಕು ಅಂದುಕೊಳ್ಳುತ್ತಾರೆ. ಮನೆಯ ಅಪ್‌ರೈಟ್ ಪಿಯಾನೊಗಳ ಪುಟ್ಟ ಹಿತ್ತಾಳೆ ಚಕ್ರಗಳು ಹೆಚ್ಚಾಗಿ ಅಂದಕ್ಕೆ, ಇಲ್ಲವೇ ಗೋಡೆಯಿಂದ ಒಂದೆರಡು ಅಂಗುಲ ಹೊಂದಿಸಿಕೊಳ್ಳುವುದಕ್ಕೆ. ಹಳೆಯದಾದರೆ ಒಳಗೆ ಧೂಳು, ಕೂದಲು, ಗಟ್ಟಿಯಾದ ಎಣ್ಣೆ ತುಂಬಿ ಚಕ್ರ ಹಿಡಿದುಕೊಂಡಿರುತ್ತದೆ. ತಿರುಗದ ಚಕ್ರ ಚಕ್ರವೇ ಅಲ್ಲ, ಉಳಿ. ತಿರುಗಿದರೂ ದಿಕ್ಕು ಬದಲಿಸುವಾಗ ನಿಂತಲ್ಲೇ ಗಿರಕಿ ಹೊಡೆದು ಮರ ಅರೆಯುತ್ತದೆ.

ಶಾಲೆಗಳಲ್ಲಿ, ಸಭಾಂಗಣಗಳಲ್ಲಿ ಇರುವ ಪಿಯಾನೊಗಳಿಗೆ ದೊಡ್ಡ ರಬ್ಬರ್ ಚಕ್ರ, ಬ್ರೇಕ್ ಎಲ್ಲ ಇರುತ್ತವೆ. ಅವು ಉರುಳಿಸಲೆಂದೇ ಮಾಡಿದವು. ಎರಡನ್ನೂ ಒಂದೇ ಅಂದುಕೊಳ್ಳಬಾರದು.

ಚಕ್ರ ದೊಡ್ಡದಿದ್ದರೆ ಏನು ಲಾಭ ಅನ್ನುವುದಕ್ಕೆ ಹೊಸ್ತಿಲಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಎರಡು ಕೋಣೆಗಳ ನಡುವೆ ಒಂದು ಸೆಂಟಿಮೀಟರ್ ಎತ್ತರದ ಪಟ್ಟಿ ಇದೆ ಅಂತಿಟ್ಟುಕೊಳ್ಳಿ. 4 ಸೆಂಟಿಮೀಟರ್ ವ್ಯಾಸದ ಚಕ್ರ ಅದನ್ನು ಹತ್ತಬೇಕಾದರೆ, ಅದರ ಮೇಲೆ ಇರುವ ಭಾರದ 1.7 ಪಟ್ಟು ಬಲ ಹಾಕಿ ತಳ್ಳಬೇಕು. 10 ಸೆಂಟಿಮೀಟರ್ ಚಕ್ರಕ್ಕೆ ಭಾರದ ಮುಕ್ಕಾಲು ಪಾಲು ಸಾಕು. ಮುಂದಿನ ಎರಡು ಚಕ್ರಗಳ ಮೇಲೆ 120 ಕೆಜಿ ಇದ್ದರೆ, ಚಿಕ್ಕ ಚಕ್ರಕ್ಕೆ 200 ಕೆಜಿಗೂ ಹೆಚ್ಚು ಬಲ, ದೊಡ್ಡ ಚಕ್ರಕ್ಕೆ 90. ಚಿಕ್ಕ ಚಕ್ರ ಅಲ್ಲಿಗೆ ಬಂದು ನಿಲ್ಲುತ್ತದೆ. ತಳ್ಳುವವರು ಇನ್ನೂ ಜೋರು ಮಾಡುತ್ತಾರೆ. ಆಗ ಕೆಳಗೆ ತಡೆ, ಮೇಲೆ ನೂಕು. ಪಿಯಾನೊ ಮುಂದೆ ಹೋಗುವುದಿಲ್ಲ, ವಾಲುತ್ತದೆ.

ವಾಲುವುದು, ಬೀಳುವುದು

ನೆಲದ ಗೀರಿಗೆ ಮದ್ದಿದೆ. ಪಿಯಾನೊ ಅಡಿ ಸಿಕ್ಕ ಕಾಲಿಗೆ ಅಷ್ಟು ಸುಲಭವಾಗಿ ಇಲ್ಲ. ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅಪ್‌ರೈಟ್‌ನ ಭಾರ ಎಲ್ಲ ಹಿಂಬದಿಗೆ. ಕಬ್ಬಿಣದ ಚೌಕಟ್ಟು, ತಂತಿ, ಹಿಂದಿನ ದಪ್ಪ ಕಂಬಗಳು ಎಲ್ಲವೂ ಬೆನ್ನಿನ ಕಡೆ. ಮುಂದೆ ಚಾಚಿಕೊಂಡಿರುವ ಕೀಲಿಮಣೆ ನೋಡಲು ದೊಡ್ಡದು, ತೂಕದಲ್ಲಿ ಹಗುರ. ಹೀಗಾಗಿ ಭಾರದ ನಡುಬಿಂದು ಎತ್ತರದಲ್ಲೂ ಇದೆ, ಹಿಂದಕ್ಕೂ ಇದೆ. ಅದು ಹಿಂದಿನ ಚಕ್ರಗಳಿಂದ 20 ಸೆಂಟಿಮೀಟರ್ ಮುಂದಿದೆ ಅಂತಿಟ್ಟುಕೊಳ್ಳಿ. ಹಿಂದಿನ ಚಕ್ರ ಹಿಡಿದುಕೊಂಡಿರುವಾಗ ಯಾರಾದರೂ ಮುಂದಿನಿಂದ, 110 ಸೆಂಟಿಮೀಟರ್ ಎತ್ತರದಲ್ಲಿ ತಳ್ಳಿದರೆ, 240 ಕೆಜಿಯ ಪಿಯಾನೊ ಹಿಂದಕ್ಕೆ ಏಳಲು ಎಷ್ಟು ಬಲ ಬೇಕು? 240ನ್ನು 20ರಿಂದ ಗುಣಿಸಿ 110ರಿಂದ ಭಾಗಿಸಿದರೆ ಸುಮಾರು 44 ಕೆಜಿ. ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಮೈಭಾರ ಹಾಕಿದರೆ ಮುಗಿಯಿತು.

ಇದರಿಂದ ಎರಡು ಪಾಠ. ತಳ್ಳುವುದಾದರೆ ಕೆಳಗೆ ಕೈ ಇಡಿ, ಮೇಲೆ ಅಲ್ಲ. ಮತ್ತು ಅಪ್‌ರೈಟನ್ನು ಯಾವಾಗಲೂ ಅದರ ಉದ್ದಕ್ಕೆ ಸಾಗಿಸಿ, ಅಂದರೆ ನುಡಿಸುವವರ ಎಡಕ್ಕೆ ಅಥವಾ ಬಲಕ್ಕೆ. ಉದ್ದದಲ್ಲಿ ಅದಕ್ಕೆ ಒಂದೂವರೆ ಮೀಟರ್ ನೆಲೆ ಇದೆ. ದಪ್ಪದಲ್ಲಿ ಇರುವುದು ಅರವತ್ತು ಸೆಂಟಿಮೀಟರ್ ಅಷ್ಟೇ.

ಮಾಡಬಾರದ್ದು ಇನ್ನೊಂದಿದೆ. ಕೀಲಿಮಣೆಯ ಕೆಳಗಿನ ಎರಡು ಮುಂಗಾಲುಗಳ ಮೇಲೆ ಭಾರ ಬರುವಂತೆ ಪಿಯಾನೊವನ್ನು ಮುಂದಕ್ಕೆ ಬಾಗಿಸಬಾರದು. ಎಷ್ಟೋ ಪಿಯಾನೊಗಳಲ್ಲಿ ಅವು ತೆಳುವಾದ ಅಲಂಕಾರದ ಕಾಲುಗಳು. ಮುರಿದರೆ ಪಿಯಾನೊ ನಿಮ್ಮ ಕಡೆಗೇ ಬರುತ್ತದೆ. ಒಂದು ವೇಳೆ ಪಿಯಾನೊ ಕೈತಪ್ಪಿ ಬೀಳತೊಡಗಿದರೆ ಹಿಡಿಯಲು ಹೋಗಬೇಡಿ. ಎಲ್ಲರೂ ಬಿಟ್ಟು ದೂರ ಸರಿಯಿರಿ. ಇದನ್ನು ಕೆಲಸ ಶುರು ಮಾಡುವ ಮೊದಲೇ ಬಾಯಿಬಿಟ್ಟು ಮಾತಾಡಿಕೊಂಡಿರಬೇಕು, ಏಕೆಂದರೆ ಬೀಳುವುದನ್ನು ಹಿಡಿಯಲು ಕೈ ತಾನಾಗಿಯೇ ಮುಂದೆ ಹೋಗುತ್ತದೆ.

ಹಾಗಾದರೆ ಹೇಗೆ

ಮೊದಲು ಗುಡಿಸಿ. ಆಮೇಲೆ ವ್ಯಾಕ್ಯೂಮ್ ಹಿಡಿಯಿರಿ, ಕೊನೆಗೆ ಕೈಯಿಂದ ಸವರಿ ನೋಡಿ. ಈ ಕೆಲಸಕ್ಕೆ ಐದು ನಿಮಿಷ ಸಾಕು, ಇದರಷ್ಟು ಬೆಲೆಯ ಕೆಲಸ ಮುಂದೆ ಯಾವುದೂ ಇಲ್ಲ.

ಆಮೇಲೆ ದಾರಿಯುದ್ದಕ್ಕೂ ಗಟ್ಟಿ ಹಲಗೆ ಹಾಸಿ. 12 ಮಿಲಿಮೀಟರ್ ಪ್ಲೈವುಡ್ ಒಳ್ಳೆಯದು. ಚಕ್ರದ ಅಡಿಯ ಅರ್ಧ ಚದರ ಸೆಂಟಿಮೀಟರ್ ಭಾರ ಆ ದಪ್ಪವನ್ನು ದಾಟಿ ನೆಲಕ್ಕೆ ಇಳಿಯುವಷ್ಟರಲ್ಲಿ ಅದಕ್ಕಿಂತ ಹತ್ತಾರು ಪಟ್ಟು ದೊಡ್ಡ ಜಾಗಕ್ಕೆ ಹರಡಿರುತ್ತದೆ. ಹಾರ್ಡ್‌ಬೋರ್ಡ್, ಅಂದರೆ ಮರದ ನಾರು ಒತ್ತಿ ಮಾಡಿದ ತೆಳು ಹಲಗೆ ಕೂಡ ನಡೆಯುತ್ತದೆ, ಪಿಯಾನೊ ಅಡಿಯಲ್ಲಿ ದೊಡ್ಡ ಸುತ್ತಳತೆಯ ಮೆತ್ತನೆ ಚಕ್ರಗಳಿದ್ದರೆ ಮಾತ್ರ. ಬರೀ ರಟ್ಟು ಹಾಸಿದರೆ ಗೀರು ತಪ್ಪೀತು, ಗುಳಿ ತಪ್ಪುವುದಿಲ್ಲ. ಕಂಬಳಿಯೂ ಅಷ್ಟೇ, ಅದು ಒತ್ತಡವನ್ನು ಹರಡುವುದಿಲ್ಲ. ಪ್ಲೈವುಡ್‌ನ ಒರಟು ಮುಖ, ಸೀಳು, ಮೊಳೆಯ ತುದಿ ಕೆಳಗಿಲ್ಲ ಅಂತ ನೋಡಿಕೊಳ್ಳಿ. ಅದರ ಅಡಿಗೆ ತೆಳು ಬಟ್ಟೆಯನ್ನೋ ಕಾಗದವನ್ನೋ ಹಾಕಬಹುದು, ಆದರೆ ಹಲಗೆ ಜಾರುವಂತಾಗಬಾರದು. ಎರಡು ಹಲಗೆ ಸೇರುವಲ್ಲಿ ಸಂದಿ ಬಿಡಬೇಡಿ. ಟೇಪ್ ಹಾಕುವುದಿದ್ದರೆ ಹಲಗೆಯಿಂದ ಹಲಗೆಗೆ ಹಾಕಿ. ನೆಲಕ್ಕೆ ಅಂಟಿಸಿದರೆ ಕಿತ್ತಾಗ ಪಾಲಿಶ್ ಕೂಡ ಅದರ ಜೊತೆ ಎದ್ದುಬರಬಹುದು.

ಹೊಸ್ತಿಲಿದ್ದರೆ ಅದಕ್ಕೆ ಇಳಿಜಾರು ಕಟ್ಟಿ. ಒಂದು ಸೆಂಟಿಮೀಟರ್ ಎತ್ತರಕ್ಕೆ ಅರ್ಧ ಮೀಟರ್ ಉದ್ದದ ಹಲಗೆ ಇಟ್ಟರೆ ಚಕ್ರಕ್ಕೆ ಹೊಸ್ತಿಲು ಗೊತ್ತೇ ಆಗುವುದಿಲ್ಲ.

ಅಪ್‌ರೈಟ್‌ಗೆ ಬೇಕಾದದ್ದು ಒಂದು ಡಾಲಿ, ಅಂದರೆ ಗಟ್ಟಿ ಮಣೆಗೆ ನಾಲ್ಕು ದೊಡ್ಡ ಮೆತ್ತನೆ ಚಕ್ರ ಹಾಕಿದ ಸಾಧನ. ಅದರ ತಾಳುವ ಶಕ್ತಿ ಪಿಯಾನೊ ತೂಕಕ್ಕಿಂತ ಚೆನ್ನಾಗಿ ಹೆಚ್ಚಿರಬೇಕು. ಕೀಲಿಮಣೆಯ ಮುಚ್ಚಳ ಹಾಕಿ, ಬೀಗವಿದ್ದರೆ ಬೀಗ ಹಾಕಿ. ಇಡೀ ಪಿಯಾನೊಗೆ ಕಂಬಳಿ ಸುತ್ತಿ ಕಟ್ಟಿ. ಇಬ್ಬರು ಒಂದು ತುದಿಯನ್ನು ಹತ್ತು ಹದಿನೈದು ಸೆಂಟಿಮೀಟರ್ ಎತ್ತಬೇಕು. ಒಂದು ತುದಿ ಎತ್ತಿದಾಗ ಬರುವುದು ಅರ್ಧ ತೂಕ, 240ರ ಪಿಯಾನೊ ಆದರೆ 120 ಕೆಜಿ, ತಲೆಗೆ 60. ಬೆನ್ನು ನೆಟ್ಟಗಿರಲಿ, ಮಂಡಿ ಮಡಚಿ ತೊಡೆಯ ಬಲದಲ್ಲಿ ಏಳಿ. ಹಿಡಿಯುವುದು ಹಿಂಬದಿಯ ಹಿಡಿಕೆಯನ್ನು ಮತ್ತು ಅಡಿಯ ಗಟ್ಟಿ ಮರವನ್ನು. ಮುಚ್ಚಳ, ಕೀಲಿಮಣೆಯ ಅಂಚು, ಪೆಡಲ್ ಯಾವುದೂ ಹಿಡಿಕೆಯಲ್ಲ. ಈ ಹೊತ್ತಿಗೆ ಮೂರನೆಯವರು ಆ ಕೊನೆಯಲ್ಲಿ ನಿಂತು ಪಿಯಾನೊ ವಾಲದಂತೆ ಆತು ಹಿಡಿದಿರಬೇಕು, ನಾಲ್ಕನೆಯವರು ಡಾಲಿಯನ್ನು ನಡುಮಧ್ಯಕ್ಕೆ ತೂರಿಸಬೇಕು. ಡಾಲಿ ತೂರಿಸುವಾಗ ಕೈಬೆರಳು ಅಡಿಯಲ್ಲಿ ಇರಬಾರದು, ಕಾಲಿನಿಂದ ಒತ್ತಿ ತಳ್ಳಿದರೆ ಸಾಕು. ಇಳಿಸಿದ ಮೇಲೆ ಬೆಲ್ಟ್‌ನಿಂದ ಪಿಯಾನೊವನ್ನೂ ಡಾಲಿಯನ್ನೂ ಸೇರಿಸಿ ಬಿಗಿಯಿರಿ. ಒಂದು ತುದಿ ಎತ್ತುವ ಹೊತ್ತಿನಲ್ಲಿ ಉಳಿದ ಅರ್ಧ ಭಾರ ಆಚೆ ತುದಿಯ ಎರಡು ಚಕ್ರಗಳ ಮೇಲೇ ಇರುತ್ತದೆ, ಮರೆಯಬೇಡಿ. ಅವುಗಳ ಅಡಿಯಲ್ಲಿ ಹಲಗೆ ಇಲ್ಲದಿದ್ದರೆ ಗುಳಿ ಬೀಳಬಹುದು. ನಿಂತ ಪಿಯಾನೊ ಅಡಿಗೆ ಹಲಗೆ ಸೇರಿಸಲು, ಒಂದು ತುದಿಯನ್ನು ಬೆರಳಗಲ ಎತ್ತಿ ಹಲಗೆ ಸರಿಸಿ ಇಳಿಸುವುದು, ಆಮೇಲೆ ಇನ್ನೊಂದು ತುದಿ.

ಒಬ್ಬರೇ ಮಾತಾಡಬೇಕು. ನಾಲ್ಕು ಜನ ನಾಲ್ಕು ಕಡೆಯಿಂದ "ಎತ್ತು", "ತಡಿ", "ಬಿಡು" ಅಂದರೆ ಯಾರ ಮಾತಿಗೂ ಅರ್ಥವಿಲ್ಲ. ಆದರೆ "ನಿಲ್ಲಿ" ಅನ್ನುವ ಹಕ್ಕು ಎಲ್ಲರಿಗೂ ಇರಲಿ. ನಿಧಾನವಾಗಿ ನಡೆಯುವ ವೇಗಕ್ಕಿಂತಲೂ ನಿಧಾನವಾಗಿ ಸಾಗಿಸಿ. ಉರುಳುತ್ತಿರುವ 240 ಕೆಜಿಯನ್ನು ಥಟ್ಟನೆ ನಿಲ್ಲಿಸುವುದು ಕಷ್ಟ.

ಕೋಣೆಯೊಳಗೇ ಒಂದೆರಡು ಅಡಿ ಸರಿಸುವುದಾದರೆ ಡಾಲಿ ಇಲ್ಲದೆಯೂ ಆಗುತ್ತದೆ. ಪ್ರತಿ ಚಕ್ರದ ಅಡಿಗೂ ದಪ್ಪ ಫೆಲ್ಟ್ ಅಂಟಿಸಿದ ಅಗಲವಾದ ಬಿಲ್ಲೆ ಇಟ್ಟು ಜಾರಿಸಬಹುದು. ಇಲ್ಲಿ ಬೇಕಾಗುವ ಬಲ ಜಾಸ್ತಿ, ಶುರುವಿನಲ್ಲಂತೂ ಅಂಟಿಕೊಂಡ ಹಾಗೆ ಅನಿಸುತ್ತದೆ. ಆಮೇಲೆ ಥಟ್ಟನೆ ಹೊರಡುತ್ತದೆ. ಅದಕ್ಕೇ ಜೋರಾಗಿ ನೂಕದೆ ಒಂದೇ ಸಮನೆ ಒತ್ತುತ್ತಾ ಹೋಗಬೇಕು. ಬಿಲ್ಲೆಯ ಫೆಲ್ಟ್ ಹೊಸದಿರಲಿ. ಹಳೆಯ ಫೆಲ್ಟ್ ಒಳಗೆ ಮರಳು ಕೂತಿರುತ್ತದೆ, ಅದು ಉಪ್ಪುಕಾಗದ ಉಜ್ಜಿದ ಹಾಗೆ.

ಗ್ರ್ಯಾಂಡ್ ಪಿಯಾನೊ

ಗ್ರ್ಯಾಂಡ್‌ನ ಕಾಲುಗಳು ನೆಟ್ಟಗೆ ಬರುವ ಭಾರಕ್ಕೆ ಮಾಡಿದವು. ಪಕ್ಕದಿಂದ ಬರುವ ಬಲಕ್ಕೆ ಅಲ್ಲ. ಒಂದು ಕಾಲು ಎರಡು ಹಲಗೆಗಳ ನಡುವಿನ ಸಂದಿಗೆ ಸಿಕ್ಕಿಕೊಂಡು, ಮೇಲಿನಿಂದ ಜನ ತಳ್ಳುತ್ತಿದ್ದರೆ ಕಾಲು ಕೀಲಿನಿಂದ ಕಳಚಬಹುದು. ಒಂದು ಕಾಲು ಹೋದರೆ ಉಳಿದ ಎರಡರ ಮೇಲೆ ಅದು ನಿಲ್ಲುವುದಿಲ್ಲ. ಕೋಣೆಯೊಳಗೆ ಸರಿಸಬೇಕಾದರೆ ಮೂರು ಕಾಲುಗಳನ್ನೂ ಒಟ್ಟಿಗೆ ಹೊರುವ, ಮೂರು ತೋಳಿನ ಚಕ್ರದ ಚೌಕಟ್ಟು ಸಿಗುತ್ತದೆ. ಅದೇ ಸರಿಯಾದ ದಾರಿ.

ಬಾಗಿಲು ದಾಟಿಸಬೇಕಾದರೆ ಕೆಲಸ ಗೊತ್ತಿರುವವರನ್ನೇ ಕರೆಯಿರಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಅವರು ಮಾಡುವುದು ನೋಡಲು ಸೊಗಸಾಗಿರುತ್ತದೆ: ಮೇಲಿನ ಮುಚ್ಚಳ ಮತ್ತು ಪೆಡಲ್‌ಗಳ ಕಟ್ಟನ್ನು ಬಿಚ್ಚುತ್ತಾರೆ. ನುಡಿಸುವವರ ಎಡಗೈ ಕಡೆಯ ಕಾಲನ್ನು ಮೊದಲು ತೆಗೆದು, ಆ ಮೂಲೆಯನ್ನು ಮೆಲ್ಲಗೆ ಇಳಿಸಿ, ಪಿಯಾನೊದ ನೇರ ಅಂಚು ಕೆಳಗೆ ಬರುವಂತೆ ಉದ್ದನೆಯ ಮೆತ್ತೆ ಹಾಕಿದ ಹಲಗೆಯ ಮೇಲೆ ಮಲಗಿಸುತ್ತಾರೆ. ಆಮೇಲೆ ಉಳಿದ ಎರಡು ಕಾಲು ಬಿಚ್ಚಿ, ಕಂಬಳಿ ಸುತ್ತಿ, ಹಲಗೆಗೆ ಬಿಗಿದು ಡಾಲಿ ಮೇಲೆ ಏರಿಸುತ್ತಾರೆ. ಮೂರು ಚಿಕ್ಕ ಚಕ್ರಗಳ ಮೇಲಿದ್ದ ಭಾರ ಈಗ ಉದ್ದನೆಯ ಹಲಗೆಯ ಮೇಲೆ, ಅಲ್ಲಿಂದ ದೊಡ್ಡ ಚಕ್ರಗಳ ಮೇಲೆ ಬಂದಿರುತ್ತದೆ.

ಇಳಿಸಿದ ಮೇಲೆ

ಹೊಸ ಜಾಗದಲ್ಲಿ ಚಕ್ರಗಳನ್ನು ಬರಿ ನೆಲದ ಮೇಲೆ ಬಿಡಬೇಡಿ. ಪ್ರತಿ ಚಕ್ರದ ಅಡಿಗೆ ಒಂದು ಬಟ್ಟಲು ಸಿಗುತ್ತದೆ, ಮೇಲೆ ಚಕ್ರ ಕೂರಲು ತಗ್ಗು, ಕೆಳಗೆ ಚಪ್ಪಟೆ. ಹತ್ತು ಸೆಂಟಿಮೀಟರ್ ಅಗಲದ ಬಟ್ಟಲಿಗೆ 78 ಚದರ ಸೆಂಟಿಮೀಟರ್ ತಳ ಇರುತ್ತದೆ. ಆಗ 120 ಕೆಜಿ ಇದ್ದ ಒತ್ತಡ ಒಂದು ಕೆಜಿಗಿಂತ ಕೆಳಗೆ ಇಳಿಯುತ್ತದೆ. ತಳಕ್ಕೆ ಫೆಲ್ಟ್ ಇರುವುದನ್ನೇ ಆರಿಸಿ. ಕೆಲವು ಬಗೆಯ ರಬ್ಬರ್ ತಿಂಗಳುಗಟ್ಟಲೆ ಕೂತರೆ ಪಾಲಿಶ್ ಮೇಲೆ ಕಂದು ಕಲೆ ಬಿಡುತ್ತದೆ, ಆ ಕಲೆ ಹೋಗುವುದಿಲ್ಲ.

ಹಳೆಯ ಜಾಗದಲ್ಲಿ ಗುಳಿ ಕಂಡರೆ ಕೂಡಲೇ ಮರ ತುಂಬಲು ಹೋಗಬೇಡಿ. ಗುಳಿ ಅಂದರೆ ಅಲ್ಲಿನ ಮರದ ಎಳೆಗಳು ಅಮುಕಿಕೊಂಡಿವೆ ಅಷ್ಟೇ, ಮರ ಎಲ್ಲಿಗೂ ಹೋಗಿಲ್ಲ. ಎಳೆ ತುಂಡಾಗಿರದಿದ್ದರೆ ತೇವಕ್ಕೆ ಮತ್ತೆ ಉಬ್ಬುತ್ತದೆ. ಪಾಲಿಶ್ ಇಲ್ಲದ ಮರದಲ್ಲಿ ಒದ್ದೆ ಬಟ್ಟೆ ಹಾಕಿ ಇಸ್ತ್ರಿಪೆಟ್ಟಿಗೆ ಮುಟ್ಟಿಸಿದರೆ ಎಷ್ಟೋ ಗುಳಿ ಮೇಲೇಳುತ್ತದೆ. ಪಾಲಿಶ್ ಇದ್ದರೆ ನೀರು ಒಳಗೆ ಇಳಿಯುವುದೇ ಇಲ್ಲ, ಬಿಸಿಗೆ ಪಾಲಿಶ್ ಬೆಳ್ಳಗಾಗಬಹುದು. ಅದನ್ನು ನೆಲದ ಕೆಲಸದವರಿಗೆ ಬಿಡುವುದು ವಾಸಿ.

ಪಿಯಾನೊಗೆ ಶ್ರುತಿ ಮಾಡಿಸಲು ಆತುರ ಬೇಡ. ಸರಿಸಿದ್ದರಿಂದ ಶ್ರುತಿ ಕೆಡುವುದು ಕಡಿಮೆ, ಹೊಸ ಕೋಣೆಯ ಗಾಳಿಯ ತೇವಕ್ಕೆ ಒಳಗಿನ ಮರದ ನಾದಫಲಕ ಹಿಗ್ಗಿ ಕುಗ್ಗಿ ಕೆಡುವುದೇ ಹೆಚ್ಚು. ಎರಡು ಮೂರು ವಾರ ಅದು ಅಲ್ಲಿಯ ಹವೆಗೆ ಹೊಂದಿಕೊಳ್ಳಲಿ, ಆಮೇಲೆ ಶ್ರುತಿಯವರನ್ನು ಕರೆಯಿರಿ. ಅವರು ಬಂದ ದಿನ ಪ್ರತಿ ಬಟ್ಟಲಿನ ತಗ್ಗಿನಲ್ಲೂ ಚಕ್ರ ಸರಿಯಾಗಿ ಕೂತಿದೆಯಾ ಅಂತ ಟಾರ್ಚ್ ಹಾಕಿ ಒಮ್ಮೆ ನೋಡಿಬಿಡಿ.